ಬೇಸಿಗೆಯ ಉಪ್ಪು, ಆಟಿಯ ಊಟ

ಕಳೆದ ಆಟಿಯಲ್ಲಿ ಒಂದು ದಿನ ಬೆಳಿಗ್ಗೆ ಹನ್ನೊಂದೂವರೆ ಹೊತ್ತಿಗೆ ನಾವು ನಾಲ್ಕು ಜನ ಹೇಳದೆ ಕೇಳದೆ ದೊಡ್ಡಮ್ಮನ ಮನೆಯಂಗಳದಲ್ಲಿ ಇಳಿದೆವು. ಘಟ್ಟ ಹತ್ತಬೇಕಾಗಿದ್ದ ಕಾರು ಅದು. ಚಾರ್ಮಾಡಿಯಲ್ಲಿ ರಸ್ತೆಗೆ ಮರ ಬಿದ್ದಿದೆ, ಯಾವಾಗ ತೆಗೆಯುತ್ತಾರೋ ಗೊತ್ತಿಲ್ಲ ಎಂದು ಕಕ್ಕಿಂಜೆ ಪೇಟೆಯಲ್ಲಿ ಯಾರೋ ಹೇಳಿದರು. ಹೆದ್ದಾರಿ ಬಿಟ್ಟು ತೋಟದ ದಾರಿ ಹಿಡಿದೆವು. ಎಡೆಬಿಡದ ಮಳೆ. ಹಿಂದಿನ ರಾತ್ರಿಯೇ ಕರೆಂಟ್ ಹೋಗಿತ್ತು.

‘ಬನ್ನಿ ಬನ್ನಿ, ಮೊದಲು ತಲೆ ಒರೆಸಿಕೊಳ್ಳಿ. ಆಸರಿಗೆ ಎಂತ ಬೇಕು?’ ಎನ್ನುತ್ತಲೇ ದೊಡ್ಡಮ್ಮ ಬೆಲ್ಲ, ನೀರು ತಂದಿಟ್ಟರು. ನನಗೆ ಮುಜುಗರ. ಮನೆಯಲ್ಲಿ ಇರುವುದು ಇಬ್ಬರೇ. ಇಬ್ಬರಿಗಾಗುವ ಅಡುಗೆಯ ಮನೆಗೆ ನಾಲ್ಕು ಹೊಟ್ಟೆ ಹಸಿದು ಬಂದರೆ ಏನು ಮಾಡಬೇಕು? ‘ಪೇಟೆಗೆ ಹೋಗಿ ತರಕಾರಿ ತರ್ಲಾ ದೊಡ್ಡಮ್ಮಾ?’ ಎಂದೆ.

‘ಎಂತ ಬೇಡ ಮಾರಾಯ್ತಿ. ಇದ್ದದ್ದರಲ್ಲಿ ಆಗ್ತದೆ.’

ನಮ್ಮ ಕಡೆಯ ಅಡುಗೆಮನೆಗಳಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಮಾತು ಇದೇ ಇರಬೇಕು. ಇದ್ದದ್ದರಲ್ಲಿ ಆಗ್ತದೆ. ಅದು ಹೇಗೆ ಆಗುತ್ತದೆ ಎಂದು ನಾನು ಸರಿಯಾಗಿ ನೋಡಿದ್ದು ಅವತ್ತೇ. ಹನ್ನೆರಡೂ ಮುಕ್ಕಾಲಿಗೆ ನಾವು ಎಲೆಯ ಮುಂದೆ ಕೂತಿದ್ದೆವು.

ಮೊದಲ ಲೆಕ್ಕ ಅನ್ನದ್ದು. ಒಲೆಯ ಮೇಲೆ ಕುಚ್ಚಲಕ್ಕಿ ಬೆಂದಾಗಿತ್ತು, ಆದರೆ ಇಬ್ಬರಿಗೆ. ಮತ್ತೆ ಕುಚ್ಚಲಕ್ಕಿ ಹಾಕುವ ಹಾಗಿಲ್ಲ. ಬತ್ತವನ್ನು ಒಮ್ಮೆ ಬೇಯಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದರಿಂದ ಕಾಳು ಗಟ್ಟಿಯಾಗಿರುತ್ತದೆ. ಕಟ್ಟಿಗೆ ಒಲೆಯಲ್ಲಿ ಹದಕ್ಕೆ ಬರಲು ಒಂದು ಗಂಟೆಯಾದರೂ ಬೇಕು. ದೊಡ್ಡಮ್ಮ ಗ್ಯಾಸಿನಲ್ಲಿ ಬೆಳ್ತಿಗೆ ಅಕ್ಕಿ ಇಟ್ಟರು. ಇಪ್ಪತ್ತು ನಿಮಿಷದ ಕೆಲಸ. ಕುಚ್ಚಲಕ್ಕಿಯ ತೆಳಿಯನ್ನು ಚೆಲ್ಲದೆ ಒಂದು ಪಾತ್ರೆಗೆ ಬಗ್ಗಿಸಿಟ್ಟರು. ಅದಕ್ಕೆ ಚೂರು ಉಪ್ಪು, ಒಂದು ಸೌಟು ಮಜ್ಜಿಗೆ ಹಾಕಿ ನಮ್ಮ ಜೊತೆಗಿದ್ದ ಮಗುವಿಗೆ ಕುಡಿಯಲು ಕೊಟ್ಟರು. ಅಡುಗೆ ಆಗುವವರೆಗೆ ಮಗು ಹಸಿವು ಎನ್ನಲಿಲ್ಲ.

ಎರಡನೆಯ ಲೆಕ್ಕ ಕರೆಂಟಿನದ್ದು. ಮಿಕ್ಸಿ ಇಲ್ಲ ಎಂದಮೇಲೆ ತೆಂಗಿನಕಾಯಿ ಅರೆಯುವ ಪದಾರ್ಥ ಒಂದಕ್ಕಿಂತ ಹೆಚ್ಚು ಮಾಡುವ ಹಾಗಿಲ್ಲ. ಅರೆಯುವ ಕಲ್ಲು ಹಿಂದಿನ ಚಾವಡಿಯಲ್ಲಿ ಈಗಲೂ ಇದೆ, ದೊಡ್ಡಮ್ಮನ ಭುಜ ಮಾತ್ರ ಮೊದಲಿನ ಹಾಗಿಲ್ಲ. ಹಾಗಾಗಿ ಸೌತೆಕಾಯಿಯ ಬೋಳು ಕೊದ್ದೆಲ್ ಎಂದು ತೀರ್ಮಾನವಾಯಿತು. ಬೋಳು ಎಂದರೆ ಕಾಯಿ ಹಾಕದ್ದು. ದೊಡ್ಡ ದೊಡ್ಡ ಹೋಳು, ಉಪ್ಪು, ಹುಣಸೆ ನೀರು, ಒಂದು ತುಂಡು ಬೆಲ್ಲ, ಸೀಳಿದ ಹಸಿಮೆಣಸು, ಚೂರು ಮೆಣಸಿನ ಪುಡಿ. ಹೋಳು ಬೆಂದ ಮೇಲೆ ತೆಂಗಿನೆಣ್ಣೆಯಲ್ಲಿ ಹತ್ತು ಹನ್ನೆರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿದ ಒಗ್ಗರಣೆ. ಕಾಯಿ ಇಲ್ಲದ ಕೊರತೆಯನ್ನು ಬೆಳ್ಳುಳ್ಳಿ ತುಂಬಿಕೊಡುತ್ತದೆ. ಕರಾವಳಿಯ ಹೆಂಗಸರು ಒಗ್ಗರಣೆಯ ಎಣ್ಣೆಗೆ ಕೈ ಬಿಗಿಹಿಡಿಯದ ಪದಾರ್ಥ ಏನಾದರೂ ಇದ್ದರೆ ಇದೊಂದೇ.

ಆ ಸೌತೆಕಾಯಿ ಎಲ್ಲಿಂದ ಬಂತು? ತಲೆಯ ಮೇಲಿಂದ. ಬಣ್ಣದ ಸೌತೆ, ಹೊರಗಿನವರು ಮಂಗಳೂರು ಸೌತೆ ಎನ್ನುವುದು ಇದನ್ನೇ. ಬೇಸಿಗೆಯಲ್ಲಿ ಗದ್ದೆಯಿಂದ ಕೊಯ್ದು ತಂದು, ಒಂದೊಂದನ್ನೂ ಬಾಳೆನಾರಿನಿಂದ ಬಿಗಿದು, ಮಾಡಿನ ಪಕ್ಕಾಸಿಗೆ ಸಾಲಾಗಿ ತೂಗುಹಾಕುತ್ತಾರೆ. ಒಂದಕ್ಕೊಂದು ತಾಗಬಾರದು, ಸುತ್ತ ಗಾಳಿ ಆಡಬೇಕು, ಕೆಳಗಿನ ಒಲೆಯ ಹೊಗೆ ಒಂದಿಷ್ಟು ತಗಲಿದರೆ ಇನ್ನೂ ಒಳ್ಳೆಯದು. ಹೀಗಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ದೊಡ್ಡಮ್ಮನ ಅಡುಗೆಕೋಣೆಯಲ್ಲಿ ಅವತ್ತು ಇನ್ನೂ ಒಂಬತ್ತು ನೇತಾಡುತ್ತಿದ್ದವು. ಒಂದನ್ನು ಇಳಿಸಿದರೆ ಮೂರು ಪದಾರ್ಥ. ಹೋಳು ಕೊದ್ದೆಲಿಗೆ, ಒಳಗಿನ ತಿರುಳು ಸಾರಿಗೆ, ಸಿಪ್ಪೆ ಚಟ್ನಿಗೆ. ತಿರುಳನ್ನು ಬೀಜ ಸಮೇತ ನೀರಿನಲ್ಲಿ ಕಿವುಚಿ ಸೋಸಿ, ಉಪ್ಪು ಹುಳಿ ಬೆಲ್ಲ ಹಾಕಿ ಒಂದು ಕುದಿ ಬರಿಸಿದರೆ ಸಾರು ತಯಾರು. ಪೇಟೆಯ ಅಡುಗೆಮನೆಗಳಲ್ಲಿ ಕಸದ ಬುಟ್ಟಿಗೆ ಹೋಗುವ ಭಾಗ ಅದು.

ಹೊರಗೆ ತೊಟ್ಟಿಯ ಬದಿಯಲ್ಲಿ ಒಂದೆಲಗ ಹಬ್ಬಿತ್ತು, ತುಳುವಿನ ತಿಮರೆ. ನಮ್ಮಲ್ಲಿ ಒಬ್ಬರು ಕೊಡೆ ಹಿಡಿದರು, ಇನ್ನೊಬ್ಬರು ಒಂದು ಮುಷ್ಟಿ ಕೊಯ್ದರು. ಕಲ್ಲಿನಲ್ಲಿ ಅರೆಯುವ ಭಾಗ್ಯ ಅವತ್ತು ಸಿಕ್ಕಿದ್ದು ಅದಕ್ಕೆ, ಅರೆದದ್ದು ನಾನು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು, ಅದರ ಮೇಲೆ ಸೊಪ್ಪು ಬಾಡಿಸಿ, ಎರಡು ಮುಷ್ಟಿ ಕಾಯಿತುರಿಯ ಜೊತೆ ಅರೆದು, ಮಜ್ಜಿಗೆಯಲ್ಲಿ ಕಲಸಿ, ಸಾಸಿವೆ ಒಗ್ಗರಣೆ. ತಂಬುಳಿ ಅಂದರೆ ತಂಪು ಹುಳಿ. ಹೆಸರಿನಲ್ಲೇ ಅದರ ಗುಟ್ಟಿದೆ: ಅದನ್ನು ಕುದಿಸುವುದಿಲ್ಲ. ಹುಳಿ ಮಜ್ಜಿಗೆಯನ್ನು ಹಾಗೇ ಕುದಿಸಿದರೆ ಒಡೆಯುತ್ತದೆ. ಮಜ್ಜಿಗೆ ಹುಳಿ ಮಾಡುವಾಗ ಅರೆದ ಕಾಯಿಯ ಆಸರೆ ಕೊಟ್ಟು, ಉಕ್ಕು ಬಂದಕೂಡಲೇ ಇಳಿಸುವುದು ಅದಕ್ಕೇ. ತಂಬುಳಿಗೆ ಆ ಭಯವೂ ಇಲ್ಲ. ಬೆಂಕಿಯ ಕೆಲಸ ಎರಡು ನಿಮಿಷ, ಉಳಿದದ್ದು ಕೈಯ ಕೆಲಸ.

ತಂಬುಳಿಗೆ ಇಂಥದ್ದೇ ಸೊಪ್ಪು ಬೇಕೆಂದಿಲ್ಲ. ಪೇರಳೆ ಚಿಗುರು ಆದೀತು, ಕುಂಟಾಲದ ಚಿಗುರು ಆದೀತು, ಸಾಂಬ್ರಾಣಿ ಎಲೆ ಆದೀತು. ಸೊಪ್ಪೇ ಸಿಗದಿದ್ದರೆ ಶುಂಠಿ. ಅದೂ ಇಲ್ಲದಿದ್ದರೆ ಡಬ್ಬಿಯ ಮೆಂತೆಯನ್ನು ಹುರಿದು ಅರೆಯುತ್ತಾರೆ. ಹೊಟ್ಟೆ ಕೆಟ್ಟ ದಿನ ಒಣಗಿಸಿಟ್ಟ ದಾಳಿಂಬೆ ಸಿಪ್ಪೆ ಹೊರಬರುತ್ತದೆ. ಇದನ್ನು ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅಡುಗೆ ಪುಸ್ತಕ ನೋಡಿ ಕಲಿತವರಿಗೆ ಪಟ್ಟಿಯ ಒಂದು ಸಾಮಾನು ಇಲ್ಲವಾದರೆ ಅಡುಗೆಯೇ ನಿಂತುಹೋಗುತ್ತದೆ. ದೊಡ್ಡಮ್ಮನ ತಲೆಯಲ್ಲಿರುವುದು ಪಟ್ಟಿಯಲ್ಲ, ಜಾಗಗಳು. ಹುಳಿಯ ಜಾಗಕ್ಕೆ ಹುಣಸೆ ಕೂರಬಹುದು, ಪುನರ್ಪುಳಿ ಕೂರಬಹುದು, ಬಿಂಬುಳಿ, ಅಂಬಟೆ, ದಾರೆಹುಳಿ, ಉಪ್ಪಿನಲ್ಲಿಟ್ಟ ಮಾವಿನಕಾಯಿ, ಮಜ್ಜಿಗೆ, ಯಾವುದಾದರೂ ಕೂರಬಹುದು. ಖಾರದ ಜಾಗಕ್ಕೆ ಬ್ಯಾಡಗಿಯೋ ಗಾಂಧಾರಿಯೋ ಕಾಳುಮೆಣಸೋ. ಮಂದ ಮಾಡಲು ಕಾಯಿ, ಇಲ್ಲವೇ ಬೇಳೆ, ಇಲ್ಲವೇ ಒಂದು ಚಮಚ ಅಕ್ಕಿಹಿಟ್ಟು. ಜಾಗ ಖಾಲಿ ಇರಬಾರದು, ಅಷ್ಟೇ.

ಊಟದಲ್ಲಿ ಇನ್ನೊಂದು ಪದಾರ್ಥ ಇತ್ತು, ನಾನು ಮರೆಯದ್ದು. ಉಪ್ಪುನೀರಿನ ಮಾವಿನಕಾಯಿಯ ಗೊಜ್ಜು. ಬೇಸಿಗೆಯಲ್ಲಿ ಬಿದ್ದ ಕಾಟು ಮಾವಿನ ಎಳೆ ಕಾಯಿಯನ್ನು ಉಪ್ಪುನೀರಿನ ಭರಣಿಗೆ ಹಾಕಿದ್ದರು. ಎರಡು ಕಾಯಿ ತೆಗೆದು, ತಣ್ಣೀರಲ್ಲಿ ತೊಳೆದು, ಬೆರಳಿನಿಂದಲೇ ಹಿಸುಕಿ ಓಟೆ ಬೇರೆ ಮಾಡಿದರು. ಎರಡು ಹಸಿಮೆಣಸು ನುರಿದು, ಬೆಲ್ಲ ಚೂರು, ನೀರು, ಒಗ್ಗರಣೆ. ನಾನು ಗಡಿಯಾರ ನೋಡಿದ್ದೆ, ಆರು ನಿಮಿಷ. ಆದರೆ ದೊಡ್ಡಮ್ಮನಿಗೆ ಆ ಮಾತು ಹೇಳಿದಾಗ ಅವರು ಒಲೆಯ ಕಡೆ ನೋಡುತ್ತಲೇ ಅಂದರು, ‘ಆರು ನಿಮಿಷ ಎಂತದು? ವಿಷುವಿನ ಮರುವಾರ ಹೆಕ್ಕಿದ ಕಾಯಿ ಅದು.’

ಅಲ್ಲಿಂದ ಮುಂದೆ ನನ್ನ ಲೆಕ್ಕವೇ ಬದಲಾಯಿತು. ದಿಢೀರ್ ಎಂದು ಆದ ಆ ಊಟದಲ್ಲಿ ನಿಜವಾಗಿ ದಿಢೀರ್ ಆದದ್ದು ಬಹಳ ಕಡಿಮೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೆವರಿ ಮಾಡಿದ ಕೆಲಸ ಭರಣಿಯಲ್ಲಿ, ಮಾಡಿನಲ್ಲಿ, ಡಬ್ಬಿಯಲ್ಲಿ ಕಾದು ಕೂತಿತ್ತು. ನಮ್ಮಲ್ಲಿ ಎಲ್ಲರೂ ಬೇಸಿಗೆ ರಜೆ ಎನ್ನುತ್ತೇವೆ. ಮನೆಯ ಹೆಂಗಸರಿಗೆ ವರ್ಷದ ಅತಿ ದೊಡ್ಡ ದುಡಿಮೆಯ ಕಾಲ ಅದು. ಹಪ್ಪಳ ಒತ್ತುವುದು, ಸಂಡಿಗೆ ಇಡುವುದು, ಮಾವಿನ ರಸವನ್ನು ಚಾಪೆಯ ಮೇಲೆ ದಿನವೂ ಒಂದು ಪದರ ಹೊಯ್ದು ಮಾಂಬಳ ಮಾಡುವುದು, ಪುನರ್ಪುಳಿ ಸಿಪ್ಪೆ ಒಣಗಿಸುವುದು, ಹಲಸಿನ ಬೀಜಕ್ಕೆ ಕೆಮ್ಮಣ್ಣು ಮೆತ್ತಿ ಒಣಗಿಸಿ ಮೂಲೆಯಲ್ಲಿ ಕೂಡಿಡುವುದು, ಇಲ್ಲವೇ ಉಪ್ಪುನೀರಿನಲ್ಲಿ ಬೇಯಿಸಿ ಒಣಗಿಸಿ ಸಾಂತಾಣಿ ಮಾಡುವುದು. ಮಳೆಗಾಲದಲ್ಲಿ ಐದು ನಿಮಿಷದಲ್ಲಿ ಏನೋ ಮಾಡಿಬಿಟ್ಟಳು ಎಂದು ಹೊಗಳುವವರು ಈ ದುಡಿಮೆಯನ್ನೂ ನೋಡಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಇವೆಲ್ಲದರಲ್ಲೂ ರಾಜ ಎಂದರೆ ಉಪ್ಪುಸೊಳೆ, ತುಳುವಿನಲ್ಲಿ ಉಪ್ಪಡ್ ಪಚ್ಚಿಲ್. ಚೆನ್ನಾಗಿ ಬೆಳೆದ, ಆದರೆ ಹಣ್ಣಾಗದ ಹಲಸಿನಕಾಯಿಯನ್ನು ಕಡಿದು, ಕೈಗೂ ಕತ್ತಿಗೂ ತೆಂಗಿನೆಣ್ಣೆ ಸವರಿಕೊಂಡು, ಮೇಣದೊಂದಿಗೆ ಗುದ್ದಾಡಿ ಸೊಳೆ ಬಿಡಿಸಬೇಕು. ಒಂದು ಪದರ ಸೊಳೆ, ಒಂದು ಪದರ ಕಲ್ಲುಪ್ಪು, ಹೀಗೆ ಭರಣಿ ತುಂಬಿಸಿ ಮೇಲೆ ಭಾರದ ಕಲ್ಲು. ಉಪ್ಪು ಸೊಳೆಯೊಳಗಿನ ನೀರನ್ನು ಹೊರಗೆಳೆಯುತ್ತದೆ. ಕೆಲವೇ ದಿನಗಳಲ್ಲಿ ಸೊಳೆಗಳು ತಮ್ಮದೇ ನೀರಿನಲ್ಲಿ ಮುಳುಗುತ್ತವೆ. ಅಷ್ಟು ಉಪ್ಪಿರುವ ನೀರಿನಲ್ಲಿ ಕೊಳೆಸುವ ಜೀವಾಣುಗಳು ಬೆಳೆಯಲಾರವು. ಸೊಳೆ ನೀರಿನಿಂದ ಮೇಲೆದ್ದರೆ ಮಾತ್ರ ಬೂಸಲು ಹಿಡಿಯುತ್ತದೆ, ಕಲ್ಲು ಇಡುವುದು ಅದಕ್ಕೆ. ಒದ್ದೆ ಕೈ ಹಾಕಬಾರದು ಎಂಬ ಗದರಿಕೆಯೂ ಅದಕ್ಕೇ. ಸಾಮಾನ್ಯವಾಗಿ ಬೆಳಿಗ್ಗೆಯೇ ತೆಗೆದು ನೀರಿನಲ್ಲಿ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ ಉಪ್ಪು ಬಿಡಿಸುತ್ತಾರೆ. ಅವಸರವಾದರೆ ಸಣ್ಣಗೆ ಹೆಚ್ಚಿ ಬಿಸಿನೀರಿನಲ್ಲಿ ಅದ್ದಿ ಹಿಂಡುತ್ತಾರೆ. ಆಮೇಲೆ ಅದು ಪಲ್ಯ, ಕಡಲೆಯ ಜೊತೆ ಗಸಿ, ಅಕ್ಕಿಯೊಂದಿಗೆ ಅರೆದರೆ ಬಾಳೆಎಲೆಯ ಮೇಲೆ ತಟ್ಟಿದ ರೊಟ್ಟಿ, ಉಂಡೆ ಕಟ್ಟಿ ಕರಿದರೆ ಉಂಡ್ಲಕಾಳು.

ಮದುವೆಯಾದ ಹೊಸತರಲ್ಲಿ ನಾನು ಇದರಲ್ಲಿ ಸೋತಿದ್ದೆ. ದೊಡ್ಡಮ್ಮ ಕಟ್ಟಿಕೊಟ್ಟ ಸೊಳೆಯನ್ನು ಒಂದೇ ನೀರಿನಲ್ಲಿ ತೊಳೆದು ಪಲ್ಯ ಮಾಡಿ, ಅಭ್ಯಾಸಬಲದಿಂದ ಉಪ್ಪನ್ನೂ ಹಾಕಿಬಿಟ್ಟೆ. ಬಾಯಿಗಿಡಲಾಗದ ಹಾಗಾಯಿತು. ಫೋನು ಮಾಡಿದರೆ ದೊಡ್ಡಮ್ಮನ ದನಿಯಲ್ಲಿ ಗಾಬರಿಯೇ ಇಲ್ಲ. ‘ಚೆಲ್ಲಬೇಡ. ಅಕ್ಕಿ ನೆನೆಹಾಕು. ಅರೆದು ಅದನ್ನೇ ಸೇರಿಸಿ ರೊಟ್ಟಿ ತಟ್ಟು, ಹಿಟ್ಟಿಗೆ ಉಪ್ಪು ಹಾಕಬೇಡ.’ ಆ ರೊಟ್ಟಿ ಎರಡು ದಿನ ಬಂತು. ಕೆಟ್ಟ ಪದಾರ್ಥವನ್ನು ಇನ್ನೊಂದರ ಉಪ್ಪು ಮಾಡುವುದು ಕೂಡ ಅಡುಗೆಯೇ ಎಂದು ನನಗೆ ಗೊತ್ತಾದದ್ದು ಹಾಗೆ.

ಆಟಿ ಎಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತಿಂಗಳು. ಈಗ ಊರೂರಿನಲ್ಲಿ ಆಟಿಯ ತಿನಿಸುಗಳ ಕೂಟ ನಡೆಯುತ್ತದೆ, ಸಾಲಾಗಿ ಬಗೆಬಗೆಯ ತಿಂಡಿ ಇಡುತ್ತಾರೆ. ಸಂತೋಷವೇ. ಆದರೆ ಅಜ್ಜಿಯ ಕಾಲದಲ್ಲಿ ಆಟಿ ಎಂದರೆ ಕೊರತೆ. ಹಳೆಯ ಬತ್ತ ಮುಗಿಯುತ್ತ ಬಂದಿರುತ್ತದೆ, ಹೊಸತು ಗದ್ದೆಯಲ್ಲಿ ಇನ್ನೂ ಹಸಿರು. ಹೊಳೆ ದಾಟಲು ಅಡಿಕೆ ಮರದ ಸಂಕ, ಅದು ಕೊಚ್ಚಿಹೋದರೆ ಪೇಟೆಯೇ ಇಲ್ಲ. ಆಗ ಕೈಗೆ ಸಿಗುತ್ತಿದ್ದುದು ಮೊದಲ ಮಳೆಗೆ ತಾನಾಗಿ ಏಳುವ ಚಗತೆ, ಕೆಸು, ಕಣಿಲೆ (ಎಳೆ ಬಿದಿರು), ಮತ್ತು ಬೇಸಿಗೆಯಲ್ಲಿ ಕೂಡಿಟ್ಟದ್ದು. ಮೀನು ತಿನ್ನುವ ಮನೆಗಳಲ್ಲಿ ನುಂಗೆಲ್, ಅಂದರೆ ಒಣಮೀನು. ಈಗ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯಲು ಅನುಮತಿ ಇಲ್ಲ. ಆ ದಿನಗಳಲ್ಲಿ ಒಣ ಎಟ್ಟಿಯನ್ನು, ಅಂದರೆ ಸಿಗಡಿಯನ್ನು, ಹುರಿದು ಕಾಯಿ, ಮೆಣಸು, ಹುಳಿಯೊಂದಿಗೆ ತರಿತರಿಯಾಗಿ ಅರೆದರೆ ಗಂಜಿಯ ಬಟ್ಟಲು ತಾನಾಗಿ ಖಾಲಿಯಾಗುತ್ತದೆ.

ಅವಸರಕ್ಕೆ ಒಗ್ಗದವೂ ಇವೆ, ಅದನ್ನು ಹೇಳಲೇಬೇಕು. ಕಣಿಲೆಯನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸದೆ ತಿನ್ನಬಾರದು, ಅದರಲ್ಲಿ ವಿಷದ ಅಂಶವಿದೆ. ಕೆಸುವಿಗೆ ಹುಳಿ ಕಡಿಮೆಯಾದರೆ, ಬೇಯುವುದು ಸಾಲದಾದರೆ ಗಂಟಲು ತುರಿಸುತ್ತದೆ. ಹಿರಿಯರು ಎಲ್ಲಿ ಅವಸರ ಮಾಡಿದರು ಎಂಬುದರಷ್ಟೇ ಎಲ್ಲಿ ಮಾಡಲಿಲ್ಲ ಎಂಬುದೂ ಕಲಿಯುವ ವಿಷಯ.

ಮರಗೆಣಸಿನ ಕಥೆಯೂ ಇದಕ್ಕೆ ಸೇರಿದ್ದೇ. ಬೆಳ್ತಂಗಡಿ ತಾಲ್ಲೂಕಿನ ಮಲೆಬದಿಯ ಹಳ್ಳಿಗಳಿಗೆ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕುಟುಂಬಗಳು ಬಹಳ. 1999ರಲ್ಲಿ ಬೆಳ್ತಂಗಡಿಯಲ್ಲೇ ಸೀರೊ ಮಲಬಾರ್ ಧರ್ಮಪ್ರಾಂತ್ಯ ಆಗುವಷ್ಟು. ಅವರ ಹಿತ್ತಿಲಿನಲ್ಲಿ ನೆಂಟರಿಗಾಗಿ ನೆಲದೊಳಗೇ ಒಂದು ಉಗ್ರಾಣ ಇರುತ್ತದೆ. ಯಾರಾದರೂ ಬಂದರೆ ಒಂದು ಗಿಡ ಕಿತ್ತರಾಯಿತು. ಸಿಪ್ಪೆ ತೆಗೆದು, ತುಂಡು ಮಾಡಿ, ಧಾರಾಳ ನೀರಿನಲ್ಲಿ ಮುಚ್ಚಳ ಹಾಕದೆ ಬೇಯಿಸಿ, ಆ ನೀರನ್ನು ಚೆಲ್ಲಬೇಕು. ಇದರಲ್ಲೂ ವಿಷದ ಅಂಶವಿದೆ, ನೀರಿನೊಂದಿಗೆ ಹೋಗುತ್ತದೆ. ಪಕ್ಕದಲ್ಲಿ ಸಣ್ಣ ನೀರುಳ್ಳಿ, ಗಾಂಧಾರಿ ಮೆಣಸು, ಉಪ್ಪು ಸೇರಿಸಿ ಜಜ್ಜಿ ಹಸಿ ತೆಂಗಿನೆಣ್ಣೆ ಹಾಕಿದ ಚಟ್ನಿ. ಅರ್ಧ ಗಂಟೆಯಲ್ಲಿ ಹೊಟ್ಟೆ ತುಂಬ ಊಟ. ದೊಡ್ಡಮ್ಮನ ಮನೆಗೂ ಈ ಚಟ್ನಿ ಬೇಲಿ ದಾಟಿ ಬಂದು ಎಷ್ಟೋ ಕಾಲವಾಯಿತು. ಅದಕ್ಕೆ ಬದಲಾಗಿ ಇಲ್ಲಿಂದ ಹೋದದ್ದು ನೀರುದೋಸೆ.

ಮರಗೆಣಸಿಗೆ ಇನ್ನೊಂದು ಹಳೆಯ ಕಥೆಯೂ ಇದೆ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದುಕೊಂಡಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ತಿರುವಾಂಕೂರಿನ ಬಡವರನ್ನು ಆ ವರ್ಷಗಳಲ್ಲಿ ಬದುಕಿಸಿದ್ದು ಮರಗೆಣಸು. ಬೆಂಗಳೂರಿನಲ್ಲಿ, 1924ರಲ್ಲಿ ಶುರುವಾದ ಎಂ.ಟಿ.ಆರ್. ಹೋಟೆಲಿನವರು ತಮ್ಮ ರವೆ ಇಡ್ಲಿ ಹುಟ್ಟಿದ್ದು ಅದೇ ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ಎನ್ನುತ್ತಾರೆ. ಅಕ್ಕಿಯ ಜಾಗ ಖಾಲಿಯಾಯಿತು, ಒಂದು ಕಡೆ ಗೆಡ್ಡೆ ಬಂದು ಕೂತಿತು, ಇನ್ನೊಂದು ಕಡೆ ಗೋಧಿ ರವೆ. ಇವತ್ತು ರವೆ ಇಡ್ಲಿ ತಿನ್ನುವ ಯಾರಿಗೂ ಅದು ಬದಲಿ ಪದಾರ್ಥ ಎಂದು ಅನ್ನಿಸುವುದಿಲ್ಲ. ಒಳ್ಳೆಯ ಬದಲಿ ಹಾಗೆಯೇ, ಸ್ವಲ್ಪ ಕಾಲದಲ್ಲಿ ಅಸಲಾಗಿಬಿಡುತ್ತದೆ.

ನಮ್ಮ ಕಡೆಗೆ ಅಂಥ ಪರೀಕ್ಷೆ ಬಂದದ್ದು 2019ರಲ್ಲಿ. ಆಗಸ್ಟ್ 9ರ ಆಸುಪಾಸಿನ ಮಳೆಗೆ ಮೃತ್ಯುಂಜಯ ಹೊಳೆ ತೋಟಗಳಿಗೆ ನುಗ್ಗಿತು, ಘಟ್ಟದ ಮಣ್ಣು ಜರಿದು ಚಾರ್ಮಾಡಿ ರಸ್ತೆ ಮುಚ್ಚಿತು. ಎಷ್ಟೋ ಮನೆಗಳಲ್ಲಿ ಮಾಡೇ ಉಳಿಯಲಿಲ್ಲ, ಅಟ್ಟದ ಮಾತು ಎಲ್ಲಿ ಬಂತು. ಅಂಥವರ ಮುಂದೆ ಭರಣಿಯ ಮಹಿಮೆ ಹೇಳುವುದು ಸಲ್ಲದು. ಅವರು ಊಟ ಮಾಡಿದ್ದು ಆಶ್ರಯ ಕೊಟ್ಟವರ ಎಲೆಯಲ್ಲಿ. ದೊಡ್ಡಮ್ಮನ ಮನೆ ಎತ್ತರದಲ್ಲಿದ್ದುದರಿಂದ ಉಳಿಯಿತು. ಘಟ್ಟದ ತರಕಾರಿ ಬರುವುದು ನಿಂತಿತು, ಕರೆಂಟ್ ಇಲ್ಲ, ಫೋನ್ ಇಲ್ಲ. ನೆರೆಯ ಎರಡು ಸಂಸಾರಗಳು ಅವರ ಚಾವಡಿಗೆ ಬಂದಿದ್ದವು, ಒಂದು ಬ್ಯಾರಿಗಳದ್ದು. ಆ ಮನೆಯಾಕೆ ಕೈಗೆ ಸಿಕ್ಕಿದ ಅಕ್ಕಿಯ ಚೀಲ ಹೊತ್ತು ತಂದಿದ್ದರಂತೆ. ಇವರ ಭರಣಿಯ ಸೊಳೆ, ಅವರ ಅಕ್ಕಿ, ಮೂರನೆಯವರ ತೆಂಗಿನಕಾಯಿ. ಒಂದೇ ಒಲೆ. ಭರಣಿಯ ತಳ ಕಂಡದ್ದು ಆ ವರ್ಷ ಒಮ್ಮೆ ಮಾತ್ರ ಎಂದು ದೊಡ್ಡಮ್ಮ ಈಗಲೂ ನೆನಪಿಸಿಕೊಳ್ಳುತ್ತಾರೆ, ಅದನ್ನು ಹೇಳುವಾಗ ಅವರ ಮುಖದಲ್ಲಿ ನೋವಿಗಿಂತ ಹೆಚ್ಚಾಗಿ ಒಂದು ಸಮಾಧಾನ ಕಾಣುತ್ತದೆ.

ಈಗ ಕಕ್ಕಿಂಜೆ ಪೇಟೆಯಲ್ಲೂ ಎಲ್ಲ ಬಗೆಯ ಪೊಟ್ಟಣ ಸಿಗುತ್ತದೆ. ಅದರ ಮೇಲೆ ನನಗೆ ದ್ವೇಷವಿಲ್ಲ, ದುಡಿದು ಸಂಜೆ ಮನೆಗೆ ಬರುವ ಹೆಂಗಸಿಗೆ ಅದೂ ಒಂದು ಆಸರೆ. ಆದರೆ ಪುತ್ತೂರಿನಿಂದ ಬರುವ ‘ಅಡಿಕೆ ಪತ್ರಿಕೆ’ ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದದ್ದನ್ನು ಓದುವಾಗ, ಮರದಡಿಯಲ್ಲಿ ಕೊಳೆತುಹೋಗುವ ಹಲಸಿನ ರಾಶಿ ಕಣ್ಣಮುಂದೆ ಬರುತ್ತದೆ. ಆಳೆತ್ತರದ ಭರಣಿ ಯಾರಿಗೂ ಬೇಡ. ಎರಡು ಕಿಲೊ ಸೊಳೆ ಹಿಡಿಯುವ ಗಾಜಿನ ಸೀಸೆ ಫ್ಲ್ಯಾಟಿನ ಅಡುಗೆಮನೆಯಲ್ಲೂ ಕೂರುತ್ತದೆ.

ಅವತ್ತು ಊಟ ಮುಗಿದ ಮೇಲೆ ದೊಡ್ಡಮ್ಮ ಕೆಂಡದಲ್ಲಿ ಹಪ್ಪಳ ಸುಟ್ಟು ಕಟ್ಟಿಕೊಟ್ಟರು. ಮರ ತೆಗೆದಿದ್ದಾರೆ ಎಂದು ಸುದ್ದಿ ಬಂತು, ಹೊರಟೆವು.

ಈ ಮೇ ತಿಂಗಳಲ್ಲಿ ನಾನೇ ಒಂದು ಸೀಸೆ ಹಿಡಿದು ಹೋದೆ. ಒಂದು ಇಡೀ ಮಧ್ಯಾಹ್ನ ಜಗಲಿಯಲ್ಲಿ ಕೂತು ಸೊಳೆ ಬಿಡಿಸಿದೆ, ಮೇಣ ಮೊಣಕೈವರೆಗೆ. ಪದರ ಪದರವಾಗಿ ತುಂಬಿಸಿ, ಲೆಕ್ಕ ಹಾಕಿ ಉಪ್ಪು ಹಾಕಿ, ಮುಚ್ಚಳ ಬಿಗಿಯುವ ಮೊದಲು ದೊಡ್ಡಮ್ಮನಿಗೆ ತೋರಿಸಿದೆ. ಅವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮರಿಗೆಗೆ ಕೈ ಹಾಕಿ ಇನ್ನೂ ಒಂದು ಮುಷ್ಟಿ ಕಲ್ಲುಪ್ಪು ತೆಗೆದು ಮೇಲೆ ಉದುರಿಸಿದರು. ‘ಆಟಿಯವರೆಗೆ ಹೋಗ್ಬೇಕಲ್ಲ’ ಎಂದರು.